ಮೈಕಿನ ಬೆನ್ನು

ನಮ್ಮ ಮನೆಗೆ ಮೊದಲು ಬಂದ ಯಮಹಾ ಕೀಬೋರ್ಡಿನ ಹಿಂಬದಿಯಲ್ಲಿ ಇದ್ದದ್ದು ಮೂರೋ ನಾಲ್ಕೋ ತೂತು. ಒಂದು ಕರೆಂಟಿನ ಅಡಾಪ್ಟರಿಗೆ, ಒಂದು ಕಾಲಲ್ಲಿ ಒತ್ತುವ ಸಸ್ಟೇನ್ ಪೆಡಲಿಗೆ, ಒಂದು ಹೆಡ್‌ಫೋನಿಗೆ, ಮತ್ತೊಂದು ಕಂಪ್ಯೂಟರಿಗೆ. 61 ಕೀಗಳು, ನೂರಾರು ವಾದ್ಯಗಳ ದನಿ, ದಾದ್ರಾ, ಕೆಹರ್ವಾ, ತಂಬೂರಿ ಎಲ್ಲ ತುಂಬಿಕೊಂಡಿದ್ದ ಆ ಪೆಟ್ಟಿಗೆಯಲ್ಲಿ ಹಾಡುವವರ ಗಂಟಲಿಗೆ ಮಾತ್ರ ಜಾಗ ಇಟ್ಟಿರಲಿಲ್ಲ. ಅಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದರಲ್ಲಿ ಎಲ್ಲ ಹೊರಗೆ ಹೋಗೋದೇ, ಒಳಗೆ ಬರೋದು ಏನೂ ಇಲ್ವಲ್ಲ" ಅಂದರು. ಹಾರ್ಮೋನಿಯಂ ಬಿಟ್ಟು ಬೇರೇನೂ ಮುಟ್ಟದವರು ಅವರು. ಆದರೆ ವಿಷಯದ ಬುಡಕ್ಕೆ ಕೈ ಹಾಕಿಬಿಟ್ಟಿದ್ದರು.

ನಮ್ಮ ಕೇರಿಯ ಭಜನೆಯಲ್ಲಿ ಆಗ ಇದ್ದದ್ದು ಒಂದೇ ಮೈಕು. ದೇವಸ್ಥಾನದ ಅಹುಜಾ ಆಂಪ್ಲಿಫೈಯರಿಗೆ ಸಿಕ್ಕಿಸಿದ, ಬಣ್ಣ ಹೋದ ಅಹುಜಾ ಮೈಕು. ಅದನ್ನು ಅಪ್ಪನ ಬಾಯಿಗೂ ಹಾರ್ಮೋನಿಯಂಗೂ ನಡುವೆ ಒಂದು ಅಂದಾಜಿನಲ್ಲಿ ನಿಲ್ಲಿಸುತ್ತಿದ್ದರು. ದನಿಯೂ ವಾದ್ಯವೂ ಒಂದೇ ಗಾಳಿಯಲ್ಲಿ ಬೆರೆತು ಒಟ್ಟಿಗೇ ಮೈಕಿನೊಳಗೆ ಹೋಗುತ್ತಿದ್ದವು. ಹಾರ್ಮೋನಿಯಂ ಜಾಸ್ತಿ ಆಯಿತು ಅನ್ನಿಸಿದರೆ ಅಪ್ಪ ಒಂದು ಸ್ಟಾಪು ಒಳಗೆ ತಳ್ಳುತ್ತಿದ್ದರು, ಇಲ್ಲವೇ ಕತ್ತನ್ನು ಒಂದಿಷ್ಟು ಮೈಕಿನ ಕಡೆ ಚಾಚುತ್ತಿದ್ದರು. ಮಿಕ್ಸಿಂಗ್ ಅನ್ನುವುದು ಅವರ ಕತ್ತಿನಲ್ಲೇ ಇತ್ತು. ದೆಹಲಿಯ ಅಹುಜಾ ಕಂಪನಿ 1940ರಿಂದ ಇದೆಯಂತೆ. ನಮ್ಮ ಊರುಗಳಲ್ಲಿ ಮದುವೆ ಛತ್ರ, ಶಾಲೆ, ಚುನಾವಣೆ ಭಾಷಣ, ಯಕ್ಷಗಾನದ ಟೆಂಟು ಎಲ್ಲಿ ನೋಡಿದರೂ ಅದೇ. ಯಾರೂ ಅದನ್ನು ಆರಿಸಿಕೊಂಡದ್ದಲ್ಲ. ಅದು ಅಲ್ಲಿ ಇತ್ತು, ಎಲ್ಲರೂ ಅದರಲ್ಲೇ ಹಾಡಿದರು.

ಕೀಬೋರ್ಡ್ ಬಂದ ಮೇಲೆ ಈ ಒಂದೇ ಗಾಳಿಯ ಸಂಸಾರ ಮುರಿಯಿತು. ವಾದ್ಯದ ದನಿ ವೈರಿನಲ್ಲಿ ಹೋಗುತ್ತದೆ, ನನ್ನ ದನಿ ಗಾಳಿಯಲ್ಲಿ ಹೋಗಬೇಕು. ಎರಡೂ ಸೇರುವುದು ಎಲ್ಲೋ ದೂರದ ಪೆಟ್ಟಿಗೆಯಲ್ಲಿ, ನನ್ನ ಕೈಗೂ ಕತ್ತಿಗೂ ಸಿಗದ ಕಡೆ. ನಾನು ಭಾವಗೀತೆ ಹಾಡುವವಳು, ಮಕ್ಕಳಿಗೆ ಸುಗಮ ಸಂಗೀತ ಹೇಳಿಕೊಡುವವಳು. ಕೂತು ನುಡಿಸುತ್ತಾ ಹಾಡುವುದು ನನಗೆ ಅಪ್ಪನಿಂದ ಬಂದ ಅಭ್ಯಾಸ. ನಿಂತು ಮೈಕು ಹಿಡಿದು ಹಾಡುವ ಗಾಯಕಿಯರಿಗೆ ಇಲ್ಲದ ತಾಪತ್ರಯಗಳೆಲ್ಲ ನನಗೆ ಗಂಟು ಬಿದ್ದದ್ದು ಆ ಅಭ್ಯಾಸದಿಂದಲೇ.

ಮೊದಲಿಗೆ ಮನೆಯಲ್ಲಿ, ಪಾಠಕ್ಕೆ, ಒಂದು ಮೈಕು ಬೇಕೆನ್ನಿಸಿತು. ಮಕ್ಕಳು ಹತ್ತು ಹದಿನೈದು ಜನ ಒಟ್ಟಿಗೆ ಕೂತರೆ ಅವರ ಗಲಾಟೆಯ ಮೇಲೆ ನನ್ನ ದನಿ ಏಳುತ್ತಿರಲಿಲ್ಲ. ಬಂಧುಗಳೊಬ್ಬರ ಮನೆಯಲ್ಲಿದ್ದ ಬೇರೆ ಕೀಬೋರ್ಡಿನಲ್ಲಿ ಆಕ್ಸ್ ಇನ್ ಅನ್ನುವ ತೂತಿತ್ತು. ಅದಕ್ಕೆ ಸರಿಹೊಂದುವ ಪಿನ್ನು ಹುಡುಕಿ, ಭಜನೆಯ ಮೈಕನ್ನೇ ತಂದು ಸಿಕ್ಕಿಸಿದೆವು. ಸ್ಪೀಕರಿನಿಂದ ಬಂದದ್ದು ಪಕ್ಕದ ಬೀದಿಯಲ್ಲಿ ಯಾರೋ ಹಾಡುತ್ತಿದ್ದಾರೆ ಅನ್ನುವಷ್ಟು ದನಿ. ವಾಲ್ಯೂಮ್ ಪೂರ್ತಿ ತಿರುಗಿಸಿದರೆ ಹಾಡಿಗಿಂತ ಮೊದಲು 'ಸ್ಸ್' ಅನ್ನುವ ಗಾಳಿ ಸದ್ದು ಬಂತು. ಮೈಕು ಕೆಟ್ಟಿದೆ ಅಂತ ಎಲ್ಲರೂ ತೀರ್ಪು ಕೊಟ್ಟರು. ಮೈಕು ಕೆಟ್ಟಿರಲಿಲ್ಲ.

ಆ ಭಜನೆಯ ಮೈಕಿನಂಥ ಡೈನಮಿಕ್ ಮೈಕಿನ ಹೊಟ್ಟೆಯಲ್ಲಿ ಇರುವುದು ಬಲು ಸರಳವಾದ ಸಾಮಾನು. ತೆಳುವಾದ ಒಂದು ಪೊರೆ, ಅದರ ಬೆನ್ನಿಗೆ ಅಂಟಿಸಿದ ಸಣ್ಣ ತಂತಿಯ ಸುರುಳಿ, ಸುತ್ತ ಒಂದು ಅಯಸ್ಕಾಂತ. ಹಾಡಿದಾಗ ಪೊರೆ ಅಲುಗುತ್ತದೆ, ಸುರುಳಿ ಅಯಸ್ಕಾಂತದ ನಡುವೆ ಅಲುಗಿ ಒಂದೆರಡು ಮಿಲಿವೋಲ್ಟಿನಷ್ಟು ವಿದ್ಯುತ್ತು ಹುಟ್ಟಿಸುತ್ತದೆ. ಅಷ್ಟೇ. ಇದಕ್ಕೆ ಬ್ಯಾಟರಿ ಬೇಡ, ಕರೆಂಟು ಬೇಡ. ಆದರೆ ಆಕ್ಸ್ ಇನ್ ಅನ್ನುವುದು ಟೇಪ್ ರೆಕಾರ್ಡರಿಗೋ ಮೊಬೈಲಿಗೋ ಮಾಡಿದ ದಾರಿ. ಅದು ಎದುರು ನೋಡುವುದು ನೂರಾರು ಮಿಲಿವೋಲ್ಟ್. ಕೆರೆಯ ತೂಬಿಗೆ ಒಂದು ಚೊಂಬು ನೀರು ಬಿಟ್ಟ ಹಾಗೆ ಆಯಿತು ನಮ್ಮ ಪ್ರಯೋಗ. ನಡುವೆ ಒಂದು ಪ್ರೀ ಆಂಪ್ ಬೇಕು, ಅಂದರೆ ಆ ಒಂದೆರಡು ಮಿಲಿವೋಲ್ಟನ್ನು ನೂರಾರು ಪಟ್ಟು ಹಿಗ್ಗಿಸುವ ಒಂದು ಮೆಟ್ಟಿಲು. ಮೈಕಿನ ಹೆಸರಿಟ್ಟೇ ಮಾಡಿದ ತೂತಾದರೆ ಅದು ಒಳಗೇ ಇರುತ್ತದೆ, ಬೇರೆ ತೂತಾದರೆ ಇರುವುದಿಲ್ಲ. ಕೀಬೋರ್ಡಿಗೆ ಮೈಕು ಕೊಳ್ಳಲು ಹೊರಟವರು ಮೈಕಿನ ಅಂಗಡಿಗೆ ಹೋಗುವ ಮೊದಲು ಕೀಬೋರ್ಡಿನ ಬೆನ್ನು ನೋಡಬೇಕು ಅಂತ ನಾನು ಈಗಲೂ ಹೇಳುವುದು ಇದಕ್ಕೇ.

ನನ್ನ ಕಣ್ಣು ತೆರೆದದ್ದು ಶಿವಮೊಗ್ಗದ ಒಂದು ಗಣಪತಿ ಪೆಂಡಾಲಿನಲ್ಲಿ. ಬೀದಿಗೆ ಅಡ್ಡ ಕಟ್ಟಿದ ಸಣ್ಣ ವೇದಿಕೆ, ಹಿಂದೆ ಗಣಪತಿ, ಮುಂದೆ ಪ್ಲಾಸ್ಟಿಕ್ ಕುರ್ಚಿಗಳು, ಮೇಲೆ ಮಳೆಗೆ ಜೋತುಬಿದ್ದ ತಗಡು. ಮಾನಿಟರ್ ಸ್ಪೀಕರ್ ಇರಲಿಲ್ಲ. ನಾನೇ ನುಡಿಸಿದ್ದು ನನಗೆ ಕೇಳಲಿ ಅಂತ ಕೀಬೋರ್ಡಿನ ಸ್ವಂತ ಸ್ಪೀಕರುಗಳನ್ನು ಜೋರಾಗಿ ಇಟ್ಟುಕೊಂಡಿದ್ದೆ. ಮೈಕನ್ನು ಬೂಮ್ ಸ್ಟ್ಯಾಂಡಿಗೆ ಹಾಕಿ, ಕೀಬೋರ್ಡಿನ ಮೇಲಿಂದ ಅಡ್ಡಕ್ಕೆ ಚಾಚಿ, ನನ್ನ ಬಾಯಿಗೆ ನೇರ ಹಿಡಿದಿದ್ದರು. ಪಲ್ಲವಿಯ ಎರಡನೇ ಸಾಲಿಗೆ ಬರುವ ಹೊತ್ತಿಗೆ 'ಕುಂಯ್' ಅಂತ ಶುರುವಾಯಿತು. ಸೌಂಡಿನ ಹುಡುಗ ಓಡಿ ಹೋಗಿ ಟ್ರೆಬಲ್ ಇಳಿಸಿದ. ಕೂಗು ನಿಂತಿತು, ಜೊತೆಗೆ ನನ್ನ ದನಿಯೂ ಕಂಬಳಿ ಹೊದ್ದುಕೊಂಡಿತು. ಮತ್ತೆ ಏರಿಸಿದ, ಮತ್ತೆ ಕೂಗಿತು.

ಆಗ ಬಂದವರು ಆ ಮೈಕ್‌ಸೆಟ್ಟಿನ ಯಜಮಾನರು. ಬಾಯಲ್ಲಿ ಎಲೆಅಡಿಕೆ, ಹೆಗಲ ಮೇಲೆ ವೈರಿನ ಸುತ್ತು. ಯಾವ ಗುಂಡಿಯನ್ನೂ ಮುಟ್ಟಲಿಲ್ಲ. ಸ್ಟ್ಯಾಂಡಿನ ತಿರುಪು ಸಡಿಲಿಸಿ, ಮೈಕನ್ನು ನನ್ನ ಗಲ್ಲದ ಕೆಳಕ್ಕೆ ಇಳಿಸಿದರು. ಅದರ ಮುಖವನ್ನು ಕೆಳಗಿನಿಂದ ನನ್ನ ಬಾಯಿಯತ್ತ ಮೇಲಕ್ಕೆ ಎತ್ತಿದರು. ವೈರು ಸಿಕ್ಕಿಸುವ ಬಾಲದ ತುದಿ ಈಗ ಕೀಬೋರ್ಡನ್ನು ನೋಡುತ್ತಿತ್ತು. ಬೆರಳಲ್ಲಿ ಮೈಕಿನ ಬಾಲವನ್ನು ತಟ್ಟಿ, "ಇದಕ್ಕೆ ಹಿಂದ್ಗಡೆ ಕಿವಿ ಇಲ್ಲ ಮೇಡಂ, ಗಲಾಟೆ ಎಲ್ಲಿದ್ಯೋ ಆ ಕಡೆಗೆ ಬೆನ್ನು ಮಾಡ್ಬೇಕು" ಅಂದು ಕೆಳಗಿಳಿದು ಹೋದರು. ಅವತ್ತು ರಾತ್ರಿ ಟ್ರೆಬಲ್ ಎಷ್ಟು ಏರಿಸಿದರೂ ಕೂಗಲಿಲ್ಲ.

ನಾನು ಅಲ್ಲಿಯವರೆಗೆ ಮೈಕನ್ನು ಕೇಳಿಸಿಕೊಳ್ಳುವ ಯಂತ್ರ ಅಂತಲೇ ತಿಳಿದಿದ್ದೆ. ಎಷ್ಟು ಚೆನ್ನಾಗಿ ಕೇಳಿಸಿಕೊಳ್ಳುತ್ತದೆ ಅನ್ನುವುದೇ ಅದರ ಗುಣ ಅಂತ. ಕೀಬೋರ್ಡಿನ ಮುಂದೆ ಕೂತು ಹಾಡುವವರಿಗೆ ಅದು ತಿರುಗಾಮುರುಗಾ. ಮೈಕು ಯಾವುದನ್ನು ಕೇಳಿಸಿಕೊಳ್ಳುವುದಿಲ್ಲ, ಯಾವ ದಿಕ್ಕಿನಿಂದ ಕೇಳಿಸಿಕೊಳ್ಳುವುದಿಲ್ಲ ಅನ್ನುವುದೇ ಆಯ್ಕೆಯ ಮೊದಲ ಪ್ರಶ್ನೆ. ಏಕೆಂದರೆ ನಮ್ಮ ಬಾಯಿಂದ ಒಂದೆರಡು ಅಡಿ ಕೆಳಗೆ ಒಂದು ಜೊತೆ ಸ್ಪೀಕರ್ ಆಕಾಶ ನೋಡಿಕೊಂಡು ಕೂಗುತ್ತಿರುತ್ತವೆ. ಗಿಟಾರಿನವರಿಗೂ ಕೊಳಲಿನವರಿಗೂ ಈ ಕಾಟ ಇಲ್ಲ. ಕೀಬೋರ್ಡಿನ ದನಿ ಮೈಕಿಗೆ ಹೋಗಿ, ಮೈಕಿನಿಂದ ಆಂಪ್ಲಿಫೈಯರಿಗೆ ಹೋಗಿ, ಹಾಲಿನ ಬಾಕ್ಸಿನಿಂದ ಮತ್ತೆ ಮೈಕಿಗೆ ಬಂದು, ಈ ಸುತ್ತು ಹೊಡೆಯುತ್ತಲೇ ಇರುತ್ತದೆ. ಎಲ್ಲೋ ಒಂದು ಸ್ವರ ಸುತ್ತು ಸುತ್ತಿಗೂ ಬೆಳೆದು ಬೆಳೆದು ಕೊನೆಗೆ ಕೂಗಾಗುತ್ತದೆ.

ಆಮೇಲೆ ಕಂಪನಿಗಳ ಕಾಗದಗಳನ್ನು ಓದುವ ಹುಚ್ಚು ಹಿಡಿಯಿತು. ಹಾಡುವ ಮೈಕುಗಳಲ್ಲಿ ಹೆಚ್ಚಿನವು ಕಾರ್ಡಿಯಾಯ್ಡ್. ಮುಂದಿನಿಂದ ಪೂರ್ತಿ ಕೇಳುತ್ತದೆ, ಅಡ್ಡದಿಂದ ಸುಮಾರು ಅರ್ಧ, ನೇರ ಹಿಂದಿನಿಂದ ಇಲ್ಲವೆನ್ನುವಷ್ಟು ಕಡಿಮೆ. ಪೆಂಡಾಲಿನಲ್ಲಿ ಮೈಕನ್ನು ಅಡ್ಡಕ್ಕೆ ಹಿಡಿದಾಗ ಕೀಬೋರ್ಡ್ ಅದರ ಹೊಟ್ಟೆಯ ಕೆಳಗಿತ್ತು, ಅರ್ಧ ಕೇಳುವ ದಿಕ್ಕಿನಲ್ಲಿ. ಮೇಲಕ್ಕೆ ಎತ್ತಿದಾಗ ಬೆನ್ನಿನ ಕಡೆಗೆ ಜಾರಿತು. ಇನ್ನೊಂದು ಜಾತಿ ಸೂಪರ್‌ಕಾರ್ಡಿಯಾಯ್ಡ್. ಶೂರ್ ಕಂಪನಿಯ ಬೀಟಾ 58ಎ, ಸೆನ್‌ಹೈಸರಿನ ಇ845 ಇವೆಲ್ಲ ಆ ಪೈಕಿ. ಇವುಗಳ ಮುಂದಿನ ನೋಟ ಇನ್ನೂ ಕಿರಿದು. ಆದರೆ ಪೂರ್ತಿ ಕಿವುಡಾಗುವುದು ನೇರ ಹಿಂದೆ ಅಲ್ಲ, 126 ಡಿಗ್ರಿಯ ಸುತ್ತ, ಅಂದರೆ ಹಿಂಬದಿಯ ಓರೆಯಲ್ಲಿ. ನೇರ ಹಿಂದಕ್ಕೆ ಒಂದು ಸಣ್ಣ ಕಿವಿ ಉಳಿದುಕೊಂಡಿರುತ್ತದೆ. ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದರೆ ನನ್ನಂಥವಳಿಗೆ ಹೇಳಿ ಮಾಡಿಸಿದ್ದು ಸೂಪರ್‌ಕಾರ್ಡಿಯಾಯ್ಡೇ. ಮೈಕನ್ನು ಮೂವತ್ತೈದು ನಲವತ್ತು ಡಿಗ್ರಿ ಮೇಲಕ್ಕೆ ಎತ್ತಿದರೆ ನೇರ ಕೆಳಗಿರುವ ಕೀಬೋರ್ಡ್ ಸರಿಯಾಗಿ ಆ ಕಿವುಡು ಓರೆಗೆ ಬಂದು ಕೂರುತ್ತದೆ.

ಹೀಗೆ ಲೆಕ್ಕ ಹಾಕಿಕೊಂಡೇ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆ. ಸದರ್ ಪತ್ರಪ್ಪ ರಸ್ತೆ ಅಂದರೆ ಆಟೋದವರೂ ಎರಡು ಸಲ ಕೇಳುತ್ತಾರೆ, ಎಸ್.ಪಿ. ರಸ್ತೆ ಅಂದರೆ ಕಣ್ಣು ಮುಚ್ಚಿ ಬಿಡುತ್ತಾರೆ. ಅಂಗಡಿಯಲ್ಲಿ ಮೈಕು ಕೊಳ್ಳುವವರೆಲ್ಲ ಮಾಡುವುದು ಒಂದೇ: ಎರಡು ಸಲ ಊದುವುದು, "ಹಲೋ ಹಲೋ, ಮೈಕ್ ಟೆಸ್ಟಿಂಗ್" ಅನ್ನುವುದು, ಜೋರಾಗಿ ಕೇಳಿದ್ದನ್ನು ಕಟ್ಟಿಸಿಕೊಂಡು ಹೋಗುವುದು. ನಾನು ಒಂದು ಕುರ್ಚಿ ಕೇಳಿದೆ. ಪ್ರದರ್ಶನಕ್ಕಿಟ್ಟಿದ್ದ ಕೀಬೋರ್ಡೊಂದರ ಮುಂದೆ ಕೂತು, ಅದರ ಸ್ಪೀಕರ್ ಏರಿಸಿ, ಮೈಕನ್ನು ಸ್ಟ್ಯಾಂಡಿಗೆ ಹಾಕಿಸಿಕೊಂಡು ಹಾಡಿದೆ. ಅಂಗಡಿಯ ಹುಡುಗನಿಗೆ ಮೊದಲು ನಗು, ಆಮೇಲೆ ಕುತೂಹಲ. ಚರಣದಿಂದ ಚರಣಕ್ಕೆ ಅವನೇ ಮೈಕು ಬದಲಾಯಿಸುತ್ತಾ ಹೋದ.

ನಾನು ಹಾಡಿದ್ದೂ ಬೇಕೆಂದೇ ಆರಿಸಿದ ಸಾಲುಗಳನ್ನು. ನಮ್ಮ ಭಾಷೆಯಲ್ಲಿ ಪ, ಫ, ಬ, ಭ ಎಲ್ಲ ತುಟಿಯಿಂದ ಗಾಳಿ ಒದ್ದು ಬರುವ ಅಕ್ಷರಗಳು; ಭಾವಗೀತೆಯಲ್ಲಂತೂ ಭಾವ, ಬೆಳಕು, ಬಾನು, ಪಯಣ ಇಲ್ಲದೆ ಕವಿತೆ ಮುಂದಕ್ಕೆ ಹೋಗುವುದಿಲ್ಲ. ಜಾಲರಿಯ ಒಳಗಿನ ಸ್ಪಂಜು ತೆಳುವಾಗಿದ್ದರೆ ಪ್ರತಿ 'ಭ'ಕ್ಕೂ 'ಧುಪ್' ಅಂತ ಸ್ಪೀಕರ್ ಗುದ್ದುತ್ತದೆ. ಕೆಳಗಿನಿಂದ ಮೇಲಕ್ಕೆ ಹಿಡಿದ ಮೈಕಿನಲ್ಲಿ ಈ ಗುದ್ದು ಕಡಿಮೆ, ಗಾಳಿ ಅದರ ನೆತ್ತಿಯ ಮೇಲಿಂದ ಹೋಗಿಬಿಡುತ್ತದೆ. ಇನ್ನೊಂದು ಕಡೆ ಸ, ಶ, ಷ. ಎತ್ತರದ ಸ್ವರಗಳನ್ನು ತೀರಾ ಮಿಂಚಿಸುವ ಮೈಕುಗಳಲ್ಲಿ ಇವು ಸೂಜಿಯಾಗುತ್ತವೆ. ಬಾಯಿಗೆ ಹತ್ತಿರ ಹಿಡಿದಷ್ಟೂ ಮಂದ್ರ ದಪ್ಪವಾಗುವುದು ಇಂಥ ಎಲ್ಲ ಮೈಕುಗಳ ಗುಣ. ಐದೂವರೆ ಮನೆ ಶ್ರುತಿಯಲ್ಲಿ ಹಾಡುವ ನನಗೆ ಅದು ಅನುಕೂಲವೇ, ತೆಳು ದನಿಗೆ ಸ್ವಲ್ಪ ಮೈ ಬರುತ್ತದೆ. ಒಂದೂವರೆ ಮನೆಯ ಗಂಡಸರು ಅದೇ ದೂರದಲ್ಲಿ ಹಾಡಿದರೆ ಮಾತೆಲ್ಲ ಗಡಿಗೆಯೊಳಗೆ ಹೋಗುತ್ತದೆ.

ಸೂಪರ್‌ಕಾರ್ಡಿಯಾಯ್ಡ್ ಬಗ್ಗೆ ನಾನು ಕಾಗದದ ಮೇಲೆ ಹಾಕಿದ್ದ ಲೆಕ್ಕ ಅಂಗಡಿಯ ಕುರ್ಚಿಯಲ್ಲೂ ನಿಜವಾಯಿತು. ಕೀಬೋರ್ಡ್ ದನಿ ಅದರೊಳಗೆ ಬಹಳ ಕಡಿಮೆ ನುಸುಳಿತು. ಆದರೂ ಕೈಬಿಟ್ಟೆ. ಕಾರಣ ನನ್ನ ಕತ್ತು. ನುಡಿಸುತ್ತಾ ಹಾಡುವವರು ಮುಖವನ್ನು ಒಂದೇ ಕಡೆ ಇಟ್ಟುಕೊಂಡಿರಲಾರರು. ಚರಣ ಮುಗಿದು ಪಲ್ಲವಿಗೆ ಹೋಗುವಾಗ ಎಡಗಡೆ ಫಿಲ್‌ಇನ್ ಗುಂಡಿ ನೋಡಬೇಕು, ವಾದ್ಯ ಬದಲಾಯಿಸಲು ಬಲಗಡೆ, ಸಾಹಿತ್ಯ ಮರೆತರೆ ಮುಂದಿನ ಪುಸ್ತಕ. ಹಾಗೆ ನೋಡಿದ ಪ್ರತಿ ಸಲವೂ ಕಿರಿದಾದ ಮುಖದ ಮೈಕಿನಲ್ಲಿ ಸಾಲಿನ ಕೊನೆಯ ಅಕ್ಷರ ಸೊರಗುತ್ತಿತ್ತು. ಕಾರ್ಡಿಯಾಯ್ಡಿನ ಮುಖ ಅಗಲ, ಅಷ್ಟಿಷ್ಟು ಕತ್ತು ತಿರುಗಿದರೂ ಸಹಿಸಿಕೊಳ್ಳುತ್ತದೆ. ಜೊತೆಗೆ ನಮ್ಮ ಊರಿನ ವೇದಿಕೆಗಳಲ್ಲಿ ಮಾನಿಟರ್ ಇಟ್ಟರೆ ಅದನ್ನು ಎದುರಿಗೇ, ಮೈಕಿನ ನೇರ ಬೆನ್ನಿಗೇ ಇಡುತ್ತಾರೆ. ಸೂಪರ್‌ಕಾರ್ಡಿಯಾಯ್ಡಿಗೆ ಅಲ್ಲೇ ಆ ಸಣ್ಣ ಕಿವಿ ಇರುವುದು.

ಕೊನೆಗೆ ತಂದದ್ದು ಎಲ್ಲರೂ ತರುವ ಶೂರ್ ಎಸ್‌ಎಂ58. ಅಮೆರಿಕದಲ್ಲಿ 1966ರಲ್ಲಿ ಬಂದ ಮೈಕು, ಇವತ್ತಿಗೂ ನೋಡಲು ಹಾಗೇ ಇದೆ. ಅದರ ಒಳಗಿನ ಗುಂಡಿಗೆಗೆ ಮೂಲವಾದದ್ದು ಎರ್ನಿ ಸೀಲರ್ ಎಂಬ ಎಂಜಿನಿಯರ್ 1959ರಲ್ಲಿ ಮುಗಿಸಿದ ಯೂನಿಡೈನ್ 3. ಎಸ್‌ಎಂ ಅಂದರೆ ಸ್ಟುಡಿಯೋ ಮೈಕ್ರೊಫೋನ್ ಅಂತೆ. ಸ್ಟುಡಿಯೋಕ್ಕೆಂದು ಹುಟ್ಟಿ ಬೀದಿಗೆ ಬಿದ್ದು ಬಾಳಿದ ಮೈಕದು. ಕಾಗದದಲ್ಲಿ ಅದರ ಅಂಕಿಗಳು ದೊಡ್ಡವಲ್ಲ: 50 ಹರ್ಟ್ಸ್‌ನಿಂದ 15,000 ಹರ್ಟ್ಸ್ ಅಷ್ಟೇ. 20,000ದವರೆಗೆ ಕೇಳುತ್ತೇವೆ ಅಂತ ಬರೆದುಕೊಂಡ ಅಗ್ಗದ ಮೈಕುಗಳು ಪಕ್ಕದಲ್ಲೇ ಇದ್ದವು. ಆದರೆ ಕೆಳಗಿನ ಸ್ವರ ಒಂದಿಷ್ಟು ಇಳಿಸಿ, ಮಾತು ಸ್ಪಷ್ಟವಾಗುವ ಜಾಗವನ್ನು ಒಂದಿಷ್ಟು ಎತ್ತುವ ಅದರ ಸ್ವಭಾವ ಕೀಬೋರ್ಡಿಗೆ ಚೆನ್ನಾಗಿ ಒಗ್ಗುತ್ತದೆ. ಕೀಬೋರ್ಡಿನ ಸ್ಟ್ರಿಂಗ್ಸು, ಬೇಸು ಸೇರಿ ಕೆಳಗಿನ ಜಾಗವನ್ನೆಲ್ಲ ಆಕ್ರಮಿಸಿರುತ್ತವೆ. ದನಿಗೆ ಉಳಿಯುವುದು ಆ ಮೇಲಿನ ಕಿಂಡಿ ಮಾತ್ರ. ಬೆಲೆ? ಆಗ ನನ್ನ ಪಾಠದ ಒಂದು ತಿಂಗಳ ಸಂಪಾದನೆ ಅಂತ ಇಟ್ಟುಕೊಳ್ಳಿ. ಸ್ವಿಚ್ ಇರುವುದೂ ಇತ್ತು, ಇಲ್ಲದ್ದನ್ನೇ ತಂದೆ. ಎರಡೂ ಕೈ ಕೀಗಳ ಮೇಲಿರುವವರಿಗೆ ಸ್ವಿಚ್ ಇದ್ದು ಮಾಡುವುದೇನು? ಕೈ ಖಾಲಿ ಇಲ್ಲದಿರುವುದರಿಂದ ಒಂದು ಲಾಭವೂ ಇದೆ. ಸಿನಿಮಾ ಹಾಡಿನ ಹುಡುಗರು ಸ್ಟೈಲಿಗೆ ಮೈಕಿನ ಜಾಲರಿಯನ್ನೇ ಮುಷ್ಟಿಯಲ್ಲಿ ಮುಚ್ಚಿ ಹಿಡಿಯುತ್ತಾರಲ್ಲ, ಅದರಿಂದ ಹಿಂಬದಿಯ ಗಾಳಿಕಂಡಿಗಳು ಮುಚ್ಚಿ ಮೈಕು ಎಲ್ಲ ದಿಕ್ಕಿಗೂ ಕಿವಿ ತೆರೆದುಬಿಡುತ್ತದೆ, ಕೂಗುತ್ತದೆ. ನಮಗೆ ಆ ಸ್ಟೈಲು ಮಾಡಲು ಕೈಯೇ ಇಲ್ಲ.

ಇದೇ ಮೈಕಿನ ನಕಲಿ ಮಾಲಿನ ಕಥೆ ಒಂದು ಹೇಳಲೇಬೇಕು. ನನ್ನ ಮೈಕು ನೋಡಿ ಆಸೆಪಟ್ಟ ಶಿಷ್ಯೆಯೊಬ್ಬಳ ಅಣ್ಣ ಇನ್ನೆಲ್ಲೋ ಅರ್ಧಕ್ಕಿಂತ ಕಡಿಮೆ ಬೆಲೆಗೆ ಅದೇ ಡಬ್ಬಿ, ಅದೇ ಚೀಲ, ಅದೇ ಹೆಸರಿನದನ್ನು ತಂದ. ಕಣ್ಣಿಗೆ ಒಂದಿಷ್ಟೂ ವ್ಯತ್ಯಾಸ ಇಲ್ಲ. ಕೈಗೆ ತೆಗೆದುಕೊಂಡಾಗ ನನಗೇಕೋ ಹಗುರ ಅನ್ನಿಸಿತು. ಕಂಪನಿಯ ಕಾಗದದಲ್ಲಿ ತೂಕ 298 ಗ್ರಾಂ ಅಂತ ಇರುವುದು ನೆನಪಿತ್ತು. ಎರಡನ್ನೂ ಚೀಲದಲ್ಲಿ ಹಾಕಿಕೊಂಡು ಬೀದಿ ಕೊನೆಯ ದಿನಸಿ ಅಂಗಡಿಗೆ ಹೋದೆವು. ಬೆಲ್ಲ ತೂಗಿ ಇನ್ನೂ ಅಂಟಂಟಾಗಿದ್ದ ತಟ್ಟೆಯ ಮೇಲೆ ಒಂದು ಪೇಪರು ಹಾಸಿ ಒಂದೊಂದಾಗಿ ಇಟ್ಟೆವು. ನನ್ನದು ಕಾಗದ ಹೇಳಿದ ಅಂಕಿಯ ಹತ್ತಿರಕ್ಕೇ ಬಂದು ನಿಂತಿತು. ಅವನದು ಬಹಳ ಕೆಳಗೆ. "ಏನಮ್ಮ, ಮೈಕೂ ಈಗ ಕೆಜಿ ಲೆಕ್ಕಾನಾ?" ಅಂದ ಅಂಗಡಿಯಾತ. ತೂಕ ಒಂದೇ ಸಾಕ್ಷಿಯಲ್ಲ, ಆದರೆ ಹಾಡಿ ನೋಡಿದಾಗಲೂ ತೂಕ ಹೇಳಿದ್ದೇ ಸರಿಹೋಯಿತು. ಎಲ್ಲ ದಿಕ್ಕಿನಿಂದಲೂ ಕೇಳಿಸಿಕೊಳ್ಳುತ್ತಿತ್ತು. ಬೆನ್ನೇ ಇಲ್ಲದ ಮೈಕು.

ಮೈಕು ಬಂದ ಮೇಲೆ ವೈರಿನ ಸರದಿ. ಅಗ್ಗದ ಮೈಕುಗಳ ಜೊತೆ ಬರುವ ವೈರಿನ ಒಂದು ತುದಿಯಲ್ಲಿ ಮೂರು ಪಿನ್ನಿನ ಎಕ್ಸ್‌ಎಲ್‌ಆರ್, ಇನ್ನೊಂದು ತುದಿಯಲ್ಲಿ ದಪ್ಪ ಜ್ಯಾಕ್. ಮನೆಯಲ್ಲಿ ಅದು ನಡೆಯುತ್ತದೆ. ವೇದಿಕೆಯಲ್ಲಿ ಹತ್ತಾರು ಮೀಟರ್ ಎಳೆದರೆ ದಾರಿಯುದ್ದಕ್ಕೂ ಇರುವ ಸೀರಿಯಲ್ ಸೆಟ್ಟು, ಜನರೇಟರು, ಟ್ಯೂಬ್‌ಲೈಟಿನ ಚೋಕು ಎಲ್ಲದರ ಗೊಣಗಾಟವನ್ನೂ ಹೊತ್ತು ತರುತ್ತದೆ. ಎರಡೂ ತುದಿ ಎಕ್ಸ್‌ಎಲ್‌ಆರ್ ಇರುವ ವೈರಿನಲ್ಲಿ ದನಿ ಎರಡು ತಂತಿಗಳಲ್ಲಿ ಒಂದಕ್ಕೊಂದು ಉಲ್ಟಾ ಹರಿಯುತ್ತದೆ. ಗೊಣಗಾಟ ಎರಡರಲ್ಲೂ ಒಂದೇ ಥರ ಸೇರುವುದರಿಂದ ಮಿಕ್ಸರಿನಲ್ಲಿ ಒಂದನ್ನೊಂದು ಕಳೆದಾಗ ಗೊಣಗಾಟ ಹೋಗಿ ದನಿ ಉಳಿಯುತ್ತದೆ. ಇದಕ್ಕಾಗಿ ಯಮಹಾ ಎಂಜಿ06 ಎಂಬ ಅಂಗೈಗಿಂತ ತುಸು ದೊಡ್ಡದಾದ ಮಿಕ್ಸರ್ ಬಂತು. ಮೈಕಿಗೆ ಬೇಕಾದ ಪ್ರೀ ಆಂಪ್ ಅದರಲ್ಲೇ ಇದೆ. ಕೀಬೋರ್ಡಿನ ವೈರನ್ನೂ ಅದಕ್ಕೇ ಕೊಟ್ಟೆ. ಹೆಡ್‌ಫೋನ್ ತೂತಿಗೆ ಪಿನ್ನು ಸಿಕ್ಕಿಸಿದೊಡನೆ ಕೀಬೋರ್ಡಿನ ಸ್ವಂತ ಸ್ಪೀಕರುಗಳು ಬಾಯಿ ಮುಚ್ಚಿದವು. ಅಷ್ಟು ವರ್ಷ ಮೈಕಿನ ಕೋನ ಹುಡುಕಿ ಓಡಿಸಿದ್ದ ಶತ್ರು ಒಂದು ಪಿನ್ನಿಗೆ ಸುಮ್ಮನಾದ! ಆದರೆ ಈಗ ನಾನು ನುಡಿಸಿದ್ದು ನನಗೇ ಕೇಳದು. ಪಕ್ಕದಲ್ಲಿ ಒಂದು ಸಣ್ಣ ಸ್ಪೀಕರ್ ಇಟ್ಟುಕೊಳ್ಳಬೇಕಾಯಿತು, ಅದರ ಕಡೆಗೆ ಮತ್ತೆ ಮೈಕಿನ ಬೆನ್ನು ತಿರುಗಿಸಬೇಕಾಯಿತು.

ಭದ್ರಾವತಿ ಆಕಾಶವಾಣಿಗೆ ಆಡಿಷನ್ನಿಗೆ ಹೋಗಿದ್ದ ದಿನದ ನೆನಪು ಇದಕ್ಕೆ ಪೂರ್ತಿ ವಿರುದ್ಧ. ಅಲ್ಲಿ ಒಳಗೆ ಹೋಗುವ ಮೊದಲೇ ಬಳೆ ತೆಗೆದಿಡಲು ಹೇಳಿದರು. ಹಾಳೆ ಮಗುಚುವಾಗ ಸದ್ದಾಗಬಾರದು ಅಂತ ಸಾಹಿತ್ಯವನ್ನು ಬಿಡಿ ಬಿಡಿಯಾಗಿ ಹರಡಿಕೊಳ್ಳಲು ಹೇಳಿದರು. ಗೋಡೆಗಳು ಸದ್ದನ್ನೆಲ್ಲ ನುಂಗುವ ಕೋಣೆಯಲ್ಲಿ, ಬಾಯಿಂದ ಒಂದು ಗೇಣಿಗೂ ಹೆಚ್ಚು ದೂರದಲ್ಲಿ ನಿಂತಿದ್ದ ಆ ಮೈಕಿಗೆ ನಾನು ಉಸಿರು ತೆಗೆದುಕೊಂಡದ್ದೂ ಕೇಳುತ್ತಿತ್ತು. ಅಂಥ ಕೋಣೆ ಇದ್ದವರಿಗೆ ಅಂಥ ಮೈಕು. ಮನೆಯಲ್ಲಿ ಅಂಥದ್ದರ ಆಸೆ ಪಟ್ಟು ಕೊಂಡವರನ್ನು ಲಾಕ್‌ಡೌನಿನ ಆನ್‌ಲೈನ್ ಪಾಠಗಳ ಕಾಲದಲ್ಲಿ ಬೇಕಾದಷ್ಟು ನೋಡಿದೆ. 48 ವೋಲ್ಟ್ ಕೊಟ್ಟು ಎಬ್ಬಿಸುವ ಕಂಡೆನ್ಸರ್ ಮೈಕುಗಳು ಸೂಕ್ಷ್ಮ ನಿಜ. ಕುಕ್ಕರಿನ ಸೀಟಿ, ಫ್ಯಾನಿನ ಗಾಳಿ, ಬೀದಿಯ ತರಕಾರಿ ಗಾಡಿಯ ಜೊತೆಗೆ ಕೀಬೋರ್ಡಿನ ಪ್ಲಾಸ್ಟಿಕ್ ಕೀಗಳ 'ಟಕ್ ಟಕ್' ಕೂಡ ಹಾಡಿನಷ್ಟೇ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಅದಕ್ಕಿಂತ ತಮಾಷೆ ಝೂಮಿನದು. ಗದ್ದಲ ಕಡಿಮೆ ಮಾಡುವ ಅದರ ಏರ್ಪಾಡು ತಂಬೂರಿಯ ಎಳೆಯನ್ನೂ ಗದ್ದಲ ಅಂತಲೇ ತಿಳಿದು ನುಂಗಿಹಾಕುತ್ತಿತ್ತು. ಒರಿಜಿನಲ್ ಸೌಂಡ್ ಅನ್ನುವ ಆಯ್ಕೆ ಒತ್ತಬೇಕು ಅಂತ ನನಗೆ ಹೇಳಿಕೊಟ್ಟವಳು ಆರನೇ ತರಗತಿಯ ಹುಡುಗಿ.

ಈಗಿನ ನನ್ನ ಕೀಬೋರ್ಡಿಗೆ ಮೈಕಿನ ತೂತು ಇದೆ. ಯಮಹಾ ಪಿಎಸ್‌ಆರ್ ಎಸ್ ಸರಣಿಯ ಮೇಲಿನ ಮಾಡೆಲುಗಳಲ್ಲಿ ಅದು ಬಂದು ಬಹಳ ಕಾಲವಾಯಿತು. ಅದರಿಂದ ಆದ ಉಪಕಾರ ದನಿ ಜೋರಾದದ್ದಲ್ಲ, ದನಿ ವಾದ್ಯದ ಮನೆಯೊಳಗೆ ಬಂದದ್ದು. ಕೀಬೋರ್ಡಿನ ಪಿಯಾನೋ, ಸ್ಟ್ರಿಂಗ್ಸ್ ಎಲ್ಲ ಒಳಗಿನಿಂದಲೇ ರಿವರ್ಬ್ ಹಚ್ಚಿಕೊಂಡು ಯಾವುದೋ ದೊಡ್ಡ ಹಾಲಿನಲ್ಲಿ ನುಡಿದಂತೆ ಬರುತ್ತವೆ. ಒಣ ದನಿಯನ್ನು ಅದರ ಪಕ್ಕ ಇಟ್ಟರೆ ವಾದ್ಯದವರು ಸಭಾಂಗಣದೊಳಗೆ, ಹಾಡುವವಳು ಗೇಟಿನ ಹತ್ತಿರ ಅನ್ನಿಸುತ್ತದೆ. ಎರಡಕ್ಕೂ ಒಂದೇ ರಿವರ್ಬ್ ತಾಗಿದಾಗ, ಅಪ್ಪನ ಹಾರ್ಮೋನಿಯಂ ಕಾಲದ ಒಂದೇ ಗಾಳಿಗೆ ಅರ್ಧದಷ್ಟಾದರೂ ಹತ್ತಿರ ಬಂದೆವು ಅನ್ನಿಸಿತು. ಆದರೆ ಅದೇ ಯಂತ್ರದಲ್ಲಿರುವ ವೋಕಲ್ ಹಾರ್ಮನಿ ನನಗೆ ಬೇಡ. ಎಡಗೈ ಕಾರ್ಡ್ ನೋಡಿ ಅದು ನನ್ನ ದನಿಯಿಂದಲೇ ಇನ್ನೆರಡು ದನಿ ಹುಟ್ಟಿಸಿ ಜೊತೆಗೆ ಹಾಡಿಸುತ್ತದೆ. ನೇರ ಸ್ವರದ ಹಾಡಿಗೆ ಚಂದವೇ. ಗಾಂಧಾರದ ಮೇಲೆ ಒಂದು ಗಮಕ ಎಳೆದರೆ ಮಾತ್ರ ಆ ಇಬ್ಬರೂ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ತಡವರಿಸುತ್ತಾರೆ. ಮೈಸೂರು ಅನಂತಸ್ವಾಮಿ, ಸಿ. ಅಶ್ವಥ್ ಕಟ್ಟಿದ ಹಾಡುಗಳು ಸ್ವರದಿಂದ ಸ್ವರಕ್ಕೆ ಜಾರುವ ದಾರಿಯಲ್ಲೇ ಬದುಕುವಂಥವು. ಅಶ್ವಥರ ಧಾಟಿಯಲ್ಲಿ ಪಿಸುಮಾತಿನಿಂದ ತಾರಸ್ಥಾಯಿಗೆ ಏರುವವರು ಮೈಕಿನಿಂದ ಹಿಂದೆ ಮುಂದೆ ಸರಿಯಬೇಕಾಗುತ್ತದೆ. ತಲೆಗೆ ಕಟ್ಟಿಕೊಳ್ಳುವ ಹೆಡ್‌ಸೆಟ್ ಮೈಕನ್ನು ಕೀಬೋರ್ಡಿನವರಿಗೆ ಬಹಳ ಜನ ಶಿಫಾರಸು ಮಾಡುತ್ತಾರೆ, ಸ್ಟ್ಯಾಂಡಿನ ಕಾಟ ತಪ್ಪುತ್ತದೆ ಅಂತ. ಆದರೆ ಅದು ಬಾಯಿಂದ ಯಾವಾಗಲೂ ಅಷ್ಟೇ ದೂರ; ಸರಿದುಕೊಳ್ಳಲು ಜಾಗವೇ ಇಲ್ಲ. ನನಗೆ ಬೂಮ್ ಸ್ಟ್ಯಾಂಡೇ ಸರಿ. ಸಾಹಿತ್ಯದ ಪುಸ್ತಕಕ್ಕೆ ಮೈಕು ಅಡ್ಡ ಬರುತ್ತದೆ ಅಂತ ಅದನ್ನು ಎಡಗಡೆಯಿಂದ ಓರೆಯಾಗಿ ತರುತ್ತೇನೆ.

ಮೊನ್ನೆ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದಿದ್ದರು. ಮಗಳು ಕಾಲೇಜಿನ ಯುವಜನೋತ್ಸವಕ್ಕೆ ಹಾಡುತ್ತಾಳೆ, ನೀವು ಬಳಸುವ ಮೈಕೇ ಕೊಡಿಸಬೇಕು ಅಂತಿದೀವಿ ಅಂದರು. ಕೀಬೋರ್ಡ್ ಯಾರು ನುಡಿಸುತ್ತಾರೆ ಅಂತ ಕೇಳಿದೆ. ಸಹಪಾಠಿ ಹುಡುಗನಂತೆ, ಇವಳು ಅವನಿಂದ ಏಳೆಂಟು ಅಡಿ ದೂರ ನಿಂತು ಹಾಡುವುದಂತೆ. ಹಾಗಾದರೆ ನನ್ನ ಲೆಕ್ಕ ಯಾವುದೂ ನಿಮಗೆ ಬೇಡ, ಕೀಬೋರ್ಡಿನ ಸ್ಪೀಕರ್ ನಿಮ್ಮ ಮೈಕಿನ ತಂಟೆಗೇ ಬರುವುದಿಲ್ಲ, ಸದ್ಯಕ್ಕೆ ಅಹುಜಾದ ಒಂದು ಒಳ್ಳೆ ಕಾರ್ಡಿಯಾಯ್ಡ್ ಸಾಕು, ಮಿಕ್ಕ ದುಡ್ಡಿಗೆ ಎರಡೂ ತುದಿ ಎಕ್ಸ್‌ಎಲ್‌ಆರ್ ಇರುವ ವೈರು, ತೂಕದ ಬುಡ ಇರುವ ಒಂದು ಸ್ಟ್ಯಾಂಡು ತೆಗೆದುಕೊಳ್ಳಿ ಅಂದೆ. ಮಗಳ ಮುಖ ಸಣ್ಣಗಾಯಿತು. ತಾಯಿ ಸ್ಟ್ಯಾಂಡಿನ ಬೆಲೆ ಕೇಳಿದರು. ಹೇಳಿದೆ. "ಬರೀ ನಿಲ್ಲೋದಕ್ಕೆ ಅಷ್ಟೊಂದಾ?" ಅಂದವರು, ಮನೆಯಲ್ಲಿ ಹಳೇ ಟೇಬಲ್ ಫ್ಯಾನಿನ ಸ್ಟ್ಯಾಂಡು ಒಂದಿದೆ, ಅದಾಗುತ್ತದೋ ನೋಡಿ ಅಂತ ಮೊಬೈಲಿನಲ್ಲಿ ಫೋಟೋ ಹುಡುಕತೊಡಗಿದರು.